ಗೋಧಿಯ ತೂಕ ತಿನ್ನುವ ಬಿಸಿಲು: ಈ ನಷ್ಟ ಯಾವ ಖಾತೆಗೆ?

(ಊರ ಹನುಮಪ್ಪನ ಗುಡಿಯ ಮುಂದೆ ಸೇರಿದ್ದ ರೈತರ ಸಭೆಯಲ್ಲಿ ಆಡಿದ ಮಾತು. ಸಭೆಗೆ ಬರಲಾಗದವರಿಗೂ ಮುಟ್ಟಲೆಂದು ಬರೆದುಕೊಟ್ಟಿದ್ದೇನೆ.)



ನಾನು ಇವತ್ತು ಎರಡು ಪುಡಿಕೆ ಕಟ್ಟಿಕೊಂಡು ಬಂದಿದ್ದೇನೆ. ಎರಡರಲ್ಲೂ ಗೋಧಿ. ಎರಡೂ ನನ್ನ ಹೊಲದ್ದೇ. 2023ರ ಸುಗ್ಗಿಯಲ್ಲಿ ರಾಶಿ ಮಾಡಿದಾಗ ತೆಗೆದಿಟ್ಟದ್ದು. ಒಂದೇ ಬೀಜ, ಒಂದೇ ಗೊಬ್ಬರ, ಒಂದೇ ಬೋರಿನ ನೀರು. ಮೊದಲ ಪುಡಿಕೆಯ ಕಾಳು ನವೆಂಬರ್ 10ರ ಹೊತ್ತಿಗೆ ಬಿತ್ತಿದ ಎರಡು ಎಕರೆಯದು. ಎರಡನೆಯದು ಗೋವಿನಜೋಳ ಮುರಿದು, ಟ್ರ್ಯಾಕ್ಟರಿಗಾಗಿ ಕಾದು, ಡಿಸೆಂಬರ್ ಎರಡನೇ ವಾರ ಬಿತ್ತಿದ ಎರಡು ಎಕರೆಯದು. ಅಂಗೈಯಲ್ಲಿ ಹಾಕಿಕೊಂಡು ನೋಡಿರಿ. ಮೊದಲಿನದು ದುಂಡಗೆ, ಹೊಟ್ಟೆ ತುಂಬಿದ ಕಾಳು. ಎರಡನೆಯದು ಎಲುಬು ಬಿಟ್ಟ ಎತ್ತಿನ ಹಂಗ, ಪಕ್ಕೆ ಒಳಗೆ ಹೋಗಿ ಸುಕ್ಕು ಬಿದ್ದಿದೆ.

ಪತ್ತಾರರ ಅಂಗಡಿಗೆ ಒಯ್ದು ಚಿನ್ನದ ಕಾಟಾದಲ್ಲಿ ತೂಗಿಸಿದೆ. ಪತ್ತಾರರು ನಕ್ಕರು. "ಗೌಡ್ರ, ಗೋಧಿಗೂ ಬಂಗಾರದ ರೇಟು ಬಂತೇನು?" ಅಂದರು. ಸಾವಿರ ಕಾಳು ಎಣಿಸಿ ತೂಗಿದಾಗ ಮೊದಲ ಪುಡಿಕೆ 41 ಗ್ರಾಂ ಬಂತು, ಎರಡನೆಯದು 32 ಗ್ರಾಂ. ನೂರಕ್ಕೆ ಇಪ್ಪತ್ತಕ್ಕೂ ಮೇಲೆ ತೂಕ ಹೋಗಿದೆ. ಯಾವ ಹುಳ ತಿನ್ನಲಿಲ್ಲ, ಇಲಿ ತಿನ್ನಲಿಲ್ಲ, ಕಳ್ಳರು ಒಯ್ಯಲಿಲ್ಲ. ಬಿಸಿಲು ತಿಂದಿತು.

ಇದರಲ್ಲಿ ನನ್ನ ತಪ್ಪು ಇದೆ, ಒಪ್ಪುತ್ತೇನೆ. ತಡ ಮಾಡಿ ಬಿತ್ತಿದವನು ನಾನೇ. ಆದರೆ ಆ ವರ್ಷ ಇಡೀ ದೇಶದಲ್ಲಿ ಫೆಬ್ರುವರಿ ತಿಂಗಳ ಸರಾಸರಿ ಗರಿಷ್ಠ ಉಷ್ಣತೆ 1901ರಿಂದ ಲೆಕ್ಕ ಇಟ್ಟ ಮೇಲೆ ಎಲ್ಲಕ್ಕಿಂತ ಹೆಚ್ಚಾಗಿತ್ತು. ನನ್ನ ತಡವಾದ ಗೋಧಿ ಹಾಲು ತುಂಬುವ ಹೊತ್ತಿಗೂ ಆ ಬಿಸಿಲು ಬರುವ ಹೊತ್ತಿಗೂ ಸರಿಹೋಯಿತು. "ಶಿವರಾತ್ರಿಗೆ ಚಳಿ ಶಿವಾ ಶಿವಾ ಅಂತ ಹೋಗ್ತದ" ಎಂದು ಹಿರಿಯರು ಹೇಳುತ್ತಿದ್ದರು. ಈಗ ಅದು ಶಿವರಾತ್ರಿಯ ದಾರಿ ಕಾಯುವುದೇ ಇಲ್ಲ.

ಹೊಲದಲ್ಲಿ ನಿಂತಾಗ ನನಗೆ ಏನೂ ತಿಳಿಯಲಿಲ್ಲ ಎಂಬುದನ್ನು ನಿಮಗೆ ಹೇಳಬೇಕು. ಬೆಳೆ ಬಾಡಲಿಲ್ಲ, ಮಲಗಲಿಲ್ಲ. ತೆನೆ ಎಣಿಸಿದರೆ ತೆನೆ ಇತ್ತು, ತೆನೆಯೊಳಗೆ ಕಾಳೂ ಇತ್ತು. ಒಂದು ವಾರ ಮೊದಲೇ ಹೊಲ ಬಂಗಾರದ ಬಣ್ಣಕ್ಕೆ ತಿರುಗಿತು. ದಾರಿಯಲ್ಲಿ ಹೋಗುತ್ತಿದ್ದ ನನ್ನ ತಮ್ಮನ ಮಗ "ಕಾಕಾ, ನಿಂದು ಲಗೂನ ಮಾಗೇತಿ, ಈ ಸಲ ಮೊದಲ ಪ್ಯಾಟಿಗೆ ನೀನ ಹೋಗಾಂವ" ಅಂದ. ನಾನೂ ಹಿಗ್ಗಿದೆ. ಅದು ಮಾಗಿದ್ದಲ್ಲ, ಹೊತ್ತಿಗೆ ಮುಂಚೆ ಮುದಿಯಾದದ್ದು. ರಾಶಿಯ ದಿನ ಚೀಲ ಎಣಿಸಿದಾಗ ಗೊತ್ತಾಯಿತು. ಪೇಟೆಯಲ್ಲಿ ಅಡತಿ ಅಂಗಡಿಯವ ಜರಡಿ ಹಿಡಿದಾಗ ಇನ್ನೂ ಚೆನ್ನಾಗಿ ಗೊತ್ತಾಯಿತು. ಕಾಳು ಸಣ್ಣ ಎಂದು ಕ್ವಿಂಟಲಿಗೆ 150 ರೂಪಾಯಿ ಕಡಿದ. ತೂಕದಲ್ಲೊಮ್ಮೆ ಹೋಯಿತು, ದರದಲ್ಲೊಮ್ಮೆ ಹೋಯಿತು.

ಈ ಕಳವು ಹೇಗೆ ನಡೆಯುತ್ತದೆ ಎಂದು ತಿಳಿಯಲು ಆಮೇಲೆ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ನಾಲ್ಕಾರು ಸಲ ಹೋಗಿಬಂದೆ. ಅಲ್ಲಿ ಗೋಧಿಯ ಮೇಲೆ ಬಹಳ ವರ್ಷದಿಂದ ಕೆಲಸ ನಡೆದಿದೆ. ಹೈಸ್ಕೂಲು ಕಲಿತ ನನ್ನ ತಲೆಗೆ ಹತ್ತಿದಷ್ಟನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

ಗೋಧಿ ಹೂ ಬಿಟ್ಟ ಮೇಲೆ ಮೊದಲ ಹತ್ತು ಹದಿನಾಲ್ಕು ದಿನ ಗಿಡ ಕಾಳನ್ನು ತುಂಬುವ ಕೆಲಸಕ್ಕೆ ಅಷ್ಟಾಗಿ ಕೈ ಹಚ್ಚುವುದಿಲ್ಲ. ಆಗ ಅದು ಹಗೇವು ತೋಡುತ್ತದೆ. ಕಾಳಿನೊಳಗೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಕೋಣೆಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತವೆ. ಆಮೇಲೆ ಎರಡು ಮೂರು ವಾರ ಆ ಕೋಣೆಗಳಲ್ಲಿ ಪಿಷ್ಟ ತುಂಬುವ ಕೆಲಸ. ನಾವು ಹಾಲುಗಾಳು ಅನ್ನುತ್ತೇವಲ್ಲ, ಆಗಿನಿಂದ ಶುರು. ಕೊನೆಗೆ ನೀರು ಆರಿ ಕಾಳು ಗಟ್ಟಿಯಾಗುತ್ತದೆ. ಗೋಧಿ ಕಾಳಿನ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಈ ಪಿಷ್ಟವೇ.

ಹಗೇವು ತೋಡುವಾಗಲೇ ಬಿಸಿಲು ಬಿದ್ದರೆ ಕೋಣೆಗಳೇ ಕಡಿಮೆಯಾಗುತ್ತವೆ. ಮುಂದೆ ಎಷ್ಟು ತಂಪು ಬಂದರೂ, ಎಷ್ಟು ನೀರು ಬಿಟ್ಟರೂ ಸಣ್ಣ ಹಗೇವಿನಲ್ಲಿ ದೊಡ್ಡ ರಾಶಿ ಹಿಡಿಯುವುದಿಲ್ಲ. ಇನ್ನೂ ಮುಂಚೆ, ತೆನೆ ಹೊಟ್ಟೆಯೊಳಗಿದ್ದಾಗಲೇ 30 ಡಿಗ್ರಿ ಮೀರಿದ ಸೆಕೆ ಬಿದ್ದರೆ ಪರಾಗ ಬಂಜೆಯಾಗುತ್ತದೆ. ಆಗ ಕಾಳಿನ ಸಂಖ್ಯೆಯೇ ಕಮ್ಮಿ. ತೆನೆಯ ನಡುವೆ ಅಲ್ಲಲ್ಲಿ ಖಾಲಿ ಸಿಪ್ಪೆ ಕಂಡಿದ್ದೀರಲ್ಲ, ಅದಕ್ಕೆ ಇದೂ ಒಂದು ಕಾರಣ.

ಈಗ ತುಂಬುವ ಕಾಲದ ಮಾತು. ಗೋಧಿ ಕಾಳು ತುಂಬಲು ಹಗಲು ರಾತ್ರಿ ಸೇರಿಸಿ ಸರಾಸರಿ 15ರಿಂದ 20 ಡಿಗ್ರಿ ಉಷ್ಣತೆ ಇದ್ದರೆ ಸುಖ. ಅಂಥ ತಂಪಿನಲ್ಲಿ ಹೂವಿನಿಂದ ಮಾಗುವವರೆಗೆ ನಲವತ್ತು ದಿನದ ಆಸುಪಾಸು ಹಿಡಿಯುತ್ತದೆ. ಸೆಕೆ ಏರಿದಂತೆ ದಿನಗಳು ಕಡಿಮೆಯಾಗುತ್ತವೆ. ಸರಾಸರಿ ಒಂದು ಡಿಗ್ರಿ ಏರಿದರೆ ಎರಡು ಮೂರು ದಿನ ಕತ್ತರಿಸಿ ಹೋಗುತ್ತದೆ. ಸೆಕೆಯಲ್ಲಿ ಗಿಡ ಸ್ವಲ್ಪ ಬಿರುಸಾಗಿಯೇ ತುಂಬಲು ನೋಡುತ್ತದೆ, ಅದು ಸುಳ್ಳಲ್ಲ. ಆದರೆ ಕೈ ಎಷ್ಟು ಬಿರುಸು ಮಾಡಿದರೂ ಹೋದ ದಿನಗಳನ್ನು ಅದು ತುಂಬಿಕೊಡುವುದಿಲ್ಲ. ನಲವತ್ತು ಆಳಿನ ಕೆಲಸಕ್ಕೆ ಮೂವತ್ತು ಆಳು ಬಂದಂತೆ. ಎಷ್ಟು ಬೈದರೂ ಒಂದಿಷ್ಟು ಸಾಲು ಉಳಿದೇ ಉಳಿಯುತ್ತದೆ.

ಇದರ ಜೊತೆಗೆ ಇನ್ನೊಂದು ಸಂಗತಿ ಇದೆ. ನನಗೆ ಎಲ್ಲಕ್ಕಿಂತ ಅಚ್ಚರಿ ಆದದ್ದು ಇದು. ಎಲೆ ಮಾಡಿದ ಆಹಾರ ಸಕ್ಕರೆಯ ರೂಪದಲ್ಲಿ ಕಾಳಿಗೆ ಬರುತ್ತದೆ. ಕಾಳಿನೊಳಗೆ ಅದನ್ನು ಪಿಷ್ಟ ಮಾಡುವ ಒಂದು ಕಿಣ್ವ ಇದೆ. ಹೆಪ್ಪು ಹಾಲನ್ನು ಮೊಸರು ಮಾಡುವ ಹಾಗೆ ಅಂತ ಇಟ್ಟುಕೊಳ್ಳಿ. 30 ಡಿಗ್ರಿ ದಾಟಿದ ಸೆಕೆಗೆ ಈ ಕಿಣ್ವ ಸೊರಗುತ್ತದೆ. ಒಂದು ದಿನ ಎರಡು ದಿನದ ಸೆಕೆಯಾದರೆ ಚೇತರಿಸಿಕೊಂಡೀತು. ನಾಲ್ಕಾರು ದಿನ ಬಿಡದೆ ಬಡಿದರೆ ಮತ್ತೆ ಮೊದಲಿನಂತಾಗುವುದಿಲ್ಲ. ಆಗ ಕಾಳಿನ ಬಾಗಿಲಿಗೆ ಸಕ್ಕರೆ ಬಂದು ನಿಂತಿದ್ದರೂ ಒಳಗೆ ಪಿಷ್ಟವಾಗುವುದಿಲ್ಲ. ಹಾಲು ಇದೆ, ಹೆಪ್ಪು ಸತ್ತಿದೆ. ನಾವು ಆ ಹೊತ್ತಿನಲ್ಲಿ ಯೂರಿಯಾ ಎರಚಿದರೆ ಏನು ಪ್ರಯೋಜನ ಹೇಳಿರಿ? ಆದರೂ ಎರಚುತ್ತೇವೆ, ನಾನೂ ಎರಚಿದವನೇ. ಅಂಗಡಿಯವ ಕೊಟ್ಟ, ಉದ್ರಿ ಬರೆದುಕೊಂಡ.

ಕಾಳಿನ ಪ್ರೋಟೀನ್ ಅಷ್ಟಾಗಿ ಇಳಿಯುವುದಿಲ್ಲ. ಪಿಷ್ಟ ಕಮ್ಮಿಯಾದ್ದರಿಂದ ಅದರ ಪ್ರಮಾಣ ಏರಿದಂತೆ ಕಾಣುತ್ತದೆ. ಆದರೆ ಬೀಸಿದಾಗ ಹಿಟ್ಟು ಕಡಿಮೆ, ತೌಡು ಜಾಸ್ತಿ. ಗಿರಣಿಯವನಿಗೆ ಅದು ಗೊತ್ತು. ಅದಕ್ಕೇ ಜರಡಿ ಹಿಡಿಯುತ್ತಾನೆ.

ಮೇಲಿನ ತುದಿ ಎಲೆ ಇದೆಯಲ್ಲ, ತೆನೆಯ ಬುಡಕ್ಕೆ ಬಾವುಟದ ಹಂಗ ನಿಲ್ಲುವುದು, ಕಾಳಿಗೆ ಹೋಗುವ ಊಟದಲ್ಲಿ ದೊಡ್ಡ ಪಾಲು ಅದರದ್ದು. ಸೆಕೆಗೆ ಆ ಎಲೆಯ ಹಸಿರು ಬೇಗ ಆರುತ್ತದೆ. ಆಗ ಗಿಡ ದಂಟಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಮೇಲಕ್ಕೆ ಸಾಗಿಸುತ್ತದೆ. ಮನೆಯಲ್ಲಿ ಇಟ್ಟದ್ದನ್ನು ಮಾರಿ ಮಗಳ ಮದುವೆ ಮಾಡಿದ ಹಾಗೆ. ಮದುವೆಯಾಗುತ್ತದೆ, ಮನೆ ಬರಿದಾಗುತ್ತದೆ. ದಾವಿದ್ ಲೋಬೆಲ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ನಮ್ಮ ಉತ್ತರ ಭಾರತದ ಗೋಧಿ ಹೊಲಗಳನ್ನು ಉಪಗ್ರಹದ ಚಿತ್ರಗಳಲ್ಲಿ ವರ್ಷಗಟ್ಟಲೆ ನೋಡಿ 2012ರಲ್ಲಿ ಬರೆದರು: 34 ಡಿಗ್ರಿ ದಾಟಿದ ದಿನಗಳು ಹೆಚ್ಚಿದಷ್ಟೂ ಬೆಳೆ ಬೇಗ ಮುದಿಯಾಗುತ್ತದೆ, ಬರೀ ಸರಾಸರಿ ಉಷ್ಣತೆಯ ಲೆಕ್ಕ ಹಿಡಿದರೆ ಈ ನಷ್ಟ ಪೂರ್ತಿ ಕಾಣುವುದಿಲ್ಲ ಎಂದು. ನನ್ನ ಬಂಗಾರ ಬಣ್ಣದ ಹೊಲ ಹಂಗಾದದ್ದು.

ರಾತ್ರಿಯ ಸೆಕೆಯೂ ಸುಮ್ಮನಿರುವುದಿಲ್ಲ. ರಾತ್ರಿ ಗಿಡ ಉಸಿರಾಡುವಾಗ ಹಗಲು ದುಡಿದದ್ದನ್ನು ಸುಡುತ್ತದೆ. ಬೆಚ್ಚನೆಯ ರಾತ್ರಿಯಲ್ಲಿ ಹೆಚ್ಚು ಸುಡುತ್ತದೆ. ಬೆಳಿಗ್ಗೆ ಹೊಲಕ್ಕೆ ಹೋದಾಗ ಇಬ್ಬನಿ ಬಿದ್ದು ಧೋತರ ಒದ್ದೆಯಾಗುತ್ತಿದ್ದ ದಿನಗಳನ್ನು ನೆನೆಸಿಕೊಳ್ಳಿರಿ.

ಇದನ್ನೆಲ್ಲ ಕೇಳಿ "ನಮ್ಮದು ಎಷ್ಟು ಗೋಧಿ? ಇದು ಪಂಜಾಬದವರ ಚಿಂತೆ" ಎನ್ನುವವರು ಇದ್ದೀರಿ. ಸರಿ, ಪಂಜಾಬಕ್ಕೇ ಹೋಗೋಣ. ಅಲ್ಲಿ ಆದದ್ದನ್ನು ನೋಡಿದರೆ ನಮ್ಮದು ತಿಳಿಯುತ್ತದೆ.

2022ರ ಮಾರ್ಚ್. ಪಂಜಾಬ, ಹರಿಯಾಣ, ಉತ್ತರ ಪ್ರದೇಶದಲ್ಲಿ ಗೋಧಿ ಹೂ ಮುಗಿಸಿ ಹಾಲು ತುಂಬುವ ತಿಂಗಳು ಅದು. ಬೈಶಾಖಿ ಹೊತ್ತಿಗೆ ಕೊಯ್ಲು. ಆ ಮಾರ್ಚ್‌ನಲ್ಲಿ ದೇಶದ ಸರಾಸರಿ ಗರಿಷ್ಠ ಉಷ್ಣತೆ 33.1 ಡಿಗ್ರಿ ಮುಟ್ಟಿತು. 122 ವರ್ಷದ ದಾಖಲೆಯಲ್ಲಿ ಅಷ್ಟು ಬಿಸಿಯ ಮಾರ್ಚ್ ಇರಲಿಲ್ಲ. ಮಳೆಯೂ ವಾಡಿಕೆಗಿಂತ ನೂರಕ್ಕೆ 71 ಕಮ್ಮಿ. ಅದಕ್ಕೂ ಮುಂಚೆ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಹಾಕಿದ ಅಂದಾಜು 11 ಕೋಟಿ 13 ಲಕ್ಷ ಟನ್ ಗೋಧಿ. ಮೇ ತಿಂಗಳಲ್ಲಿ ಅದನ್ನು 10 ಕೋಟಿ 64 ಲಕ್ಷಕ್ಕೆ ಇಳಿಸಿತು. ಹಂಗಾಮಿನ ನಡುವೆ ಸುಮಾರು 50 ಲಕ್ಷ ಟನ್ ಕಾಗದದ ಮೇಲಿಂದ ಮಾಯವಾಯಿತು. ಹೊಲದಲ್ಲಿ ತೆನೆ ಇತ್ತು, ಅದರೊಳಗೆ ತೂಕ ಇರಲಿಲ್ಲ.

ಖರೀದಿ ಕೇಂದ್ರಕ್ಕೆ ಒಯ್ದರೆ ಸುಕ್ಕುಗಾಳು ನೂರಕ್ಕೆ 6ಕ್ಕಿಂತ ಹೆಚ್ಚಿರಬಾರದೆಂಬ ನಿಯಮ. ರೈತರು ಗದ್ದಲ ಮಾಡಿದ ಮೇಲೆ ಮೇ ತಿಂಗಳ ನಡುವೆ ಪಂಜಾಬ, ಹರಿಯಾಣಗಳಲ್ಲಿ ಅದನ್ನು 18ಕ್ಕೆ ಏರಿಸಿ, ದರ ಕಡಿಯದೆ ಕೊಳ್ಳಲು ಒಪ್ಪಿದರು. ಇದು ಒಳ್ಳೆಯದೇ, ಇಲ್ಲವೆನ್ನುವುದಿಲ್ಲ. ನೂರಕ್ಕೆ ಆರು ಇದ್ದದ್ದನ್ನು ಹದಿನೆಂಟು ಮಾಡಬೇಕಾಯಿತು ಎಂದರೆ ಬಿಸಿಲು ಏನು ಮಾಡಿತ್ತು ಎಂಬುದಕ್ಕೆ ಸರ್ಕಾರದ ಕೈಯಿಂದಲೇ ಸಿಕ್ಕ ರಸೀದಿ ಅದು. ಆದರೆ ಸುಕ್ಕುಗಾಳಿಗೆ ದರ ಕೊಟ್ಟರೂ ಇಲ್ಲದ ತೂಕಕ್ಕೆ ಯಾರು ಕೊಟ್ಟರು? ಕ್ವಿಂಟಲಿಗೆ 500 ರೂಪಾಯಿ ಬೋನಸ್ ಕೊಡಿ ಎಂದು ಪಂಜಾಬದ ರೈತ ಸಂಘಟನೆಗಳು ಆ ಮೇ ತಿಂಗಳಲ್ಲಿ ಕೇಳಿದ್ದು ಇದೇ ಲೆಕ್ಕಕ್ಕೆ.

ಈಗ ದರದ ಕಥೆ. ಆ ಹಂಗಾಮಿನ ಬೆಂಬಲ ಬೆಲೆ 2,015 ರೂಪಾಯಿ. ಅದನ್ನು ಘೋಷಿಸಿದ್ದು 2021ರ ಸೆಪ್ಟೆಂಬರಿನಲ್ಲಿ, ಗೋಧಿ ಬಿತ್ತುವ ಮುಂಚೆ. ಮಾರ್ಚ್‌ನ ಬಿಸಿಲು ಅದರ ಲೆಕ್ಕದೊಳಗೆ ಬರಲು ಸಾಧ್ಯವೇ ಇರಲಿಲ್ಲ. ಕ್ವಿಂಟಲಿಗೆ ಖರ್ಚು ಇಷ್ಟು ಎಂದು ಹಿಂದಿನ ವರ್ಷಗಳ ಇಳುವರಿ ಹಿಡಿದು ಹಾಕುತ್ತಾರೆ. ಇಳುವರಿ ಇಳಿದರೆ ಅದೇ ಖರ್ಚು ಕಡಿಮೆ ಕ್ವಿಂಟಲುಗಳ ಮೇಲೆ ಬೀಳುತ್ತದೆ. ಅದನ್ನು ಮತ್ತೆ ಕೂತು ಲೆಕ್ಕ ಹಾಕುವವರಿಲ್ಲ.

ಒಂದು ಕಡೆ ಬಿಸಿಲು ಕಳೆಯಿತು, ಇನ್ನೊಂದು ಕಡೆ ಪೇಟೆ ಕೊಡುವ ಹಾಗಿತ್ತು. 2022ರ ಫೆಬ್ರುವರಿಯಲ್ಲಿ ರಷ್ಯ ಉಕ್ರೇನಿನ ಮೇಲೆ ಯುದ್ಧ ಹೂಡಿದ್ದರಿಂದ ಜಗತ್ತಿನಲ್ಲಿ ಗೋಧಿ ದರ ಏರಿತ್ತು. ವ್ಯಾಪಾರಿಗಳು ಬೆಂಬಲ ಬೆಲೆಗಿಂತ ಹೆಚ್ಚು ಕೊಟ್ಟು ಕೊಂಡರು. ಸರ್ಕಾರದ ಖರೀದಿ ಹಿಂದಿನ ವರ್ಷ 433 ಲಕ್ಷ ಟನ್ ಇದ್ದದ್ದು 188 ಲಕ್ಷ ಟನ್ನಿಗೆ ಇಳಿಯಿತು. ತೂಕ ಹೋದರೂ ದರದಲ್ಲಿ ಒಂದಿಷ್ಟು ಬಂದೀತು ಎನ್ನುವಷ್ಟರಲ್ಲಿ ಮೇ 13ಕ್ಕೆ ರಫ್ತು ನಿಷೇಧ ಬಂತು. 2023ರ ಜನವರಿಯಲ್ಲಿ ದರ ಇಳಿಸಲೆಂದು ಸರ್ಕಾರಿ ಗೋದಾಮಿನಿಂದ 30 ಲಕ್ಷ ಟನ್ ಪೇಟೆಗೆ ಬಿಡುವುದಾಗಿ ಹೇಳಿದರು. ಜೂನ್‌ನಲ್ಲಿ ವ್ಯಾಪಾರಿಗಳ ದಾಸ್ತಾನಿಗೆ ಮಿತಿ ಹಾಕಿದರು. ಪಟ್ಟಣದವರಿಗೆ ರೊಟ್ಟಿ ತುಟ್ಟಿಯಾಗಬಾರದು, ಸರಿ, ಅವರೂ ನಮ್ಮವರೇ. ಆದರೆ ಬೆಳೆ ಕಡಿಮೆಯಾದಾಗ ದರ ಏರುವುದೊಂದೇ ರೈತನಿಗೆ ಉಳಿದಿದ್ದ ವಿಮೆ. ಬಿಸಿಲು ತೂಕ ಒಯ್ದ ವರ್ಷವೇ ಆ ವಿಮೆಯನ್ನೂ ಕಸಿದುಕೊಂಡರೆ ಬದಲಿಗೆ ಏನಾದರೂ ಕೊಡಬೇಕೋ ಬೇಡವೋ?

ಈಗ ನಮ್ಮ ಹೊಲಕ್ಕೆ ಬರೋಣ. ಪಂಜಾಬದಲ್ಲಿ ಆ ಮಾರ್ಚ್ ಅಪರೂಪದ ಅತಿಥಿ. ನಮ್ಮಲ್ಲಿ ಅದು ಮನೆಯ ಅಳಿಯ, ವರ್ಷ ವರ್ಷ ಬರುವವನು. ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ, ಗದಗ ಭಾಗದ ಎರೆ ಹೊಲದಲ್ಲಿ ಫೆಬ್ರುವರಿಯಲ್ಲೇ ಮಧ್ಯಾಹ್ನ 30 ದಾಟುತ್ತದೆ. ಚಳಿಗಾಲ ಚಿಕ್ಕದು, ಎರೆಯ ಹಸಿಯೂ ಅಷ್ಟರಲ್ಲೇ ತೀರುತ್ತಿರುತ್ತದೆ. ಬೇರಿಗೆ ನೀರು ಸಿಗುವವರೆಗೆ ಎಲೆ ಬೆವರುತ್ತದೆ, ಬೆವರಿ ತನ್ನನ್ನು ಗಾಳಿಗಿಂತ ತಂಪಾಗಿ ಇಟ್ಟುಕೊಳ್ಳುತ್ತದೆ. ಹಸಿ ಆರಿತೆಂದರೆ ಎಲೆ ತನ್ನ ಸಣ್ಣ ಸಣ್ಣ ಬಾಯಿಗಳನ್ನು ಮುಚ್ಚುತ್ತದೆ. ಬೆವರು ನಿಂತು ಮೈ ಸುಡುತ್ತದೆ. ಒಣ ಬೇಸಾಯದವನಿಗೆ ಸೆಕೆ ಬೇರೆ, ಬರ ಬೇರೆ ಅಲ್ಲ. ಎರಡೂ ಕೈ ಹಿಡಿದುಕೊಂಡು ಬರುತ್ತವೆ.

ನಮ್ಮ ಹಿರಿಯರು ಇದನ್ನು ಪುಸ್ತಕ ಓದದೆ ಅರಿತಿದ್ದರು. ಒಣ ಹೊಲಕ್ಕೆ ಬಿಜಗ ಬಿತ್ತಿದರು, ಜವೆ ಗೋಧಿಯನ್ನು ಬಿಡಲಿಲ್ಲ. ಜವೆ ಗೋಧಿ ಸೆಕೆ ತಾಳುತ್ತದೆ ಎಂಬುದನ್ನು ವಿಜ್ಞಾನಿಗಳೂ ಒಪ್ಪುತ್ತಾರೆ. ಅದರ ಸಿಪ್ಪೆ ಬಿಡಿಸುವುದು ಕಷ್ಟ, ಇಳುವರಿಯೂ ಕಮ್ಮಿ ಎಂದು ನಾವು ಕೈಬಿಟ್ಟೆವು. ನಮ್ಮ ಅವ್ವ ಹುಗ್ಗಿ ಮಾಡುತ್ತಿದ್ದದ್ದು ಅದರದ್ದೇ. ಈಗ ಪೇಟೆಯಲ್ಲಿ ಸಕ್ಕರೆ ಕಾಯಿಲೆಯವರು ಹುಡುಕಿಕೊಂಡು ಬಂದು ಕೊಳ್ಳುತ್ತಾರೆ! ಧಾರವಾಡದವರು ಡಿಡಿಕೆ ಹೆಸರಿನ ಗಿಡ್ಡ ತಳಿಗಳನ್ನೂ ತೆಗೆದಿದ್ದಾರೆ. ಒಂದು ಎಕರೆಯಲ್ಲಾದರೂ ಹಾಕಿ ನೋಡುವುದರಲ್ಲಿ ತಪ್ಪಿಲ್ಲ.

ಸಾಲದ ಮಾತಿಗೆ ಬರುತ್ತೇನೆ. ಇದಕ್ಕಾಗಿಯೇ ನಾನು ಇಷ್ಟೆಲ್ಲ ಹೇಳಿದ್ದು.

ನೀರಾವರಿ ಗೋಧಿಯ ಒಂದು ಚೌಕ ಮೀಟರ್ ಜಾಗದಲ್ಲಿ 300 ತೆನೆ, ತೆನೆಗೆ 30 ಕಾಳು ಇಟ್ಟುಕೊಳ್ಳಿ. 9,000 ಕಾಳಾಯಿತು. ಸಾವಿರ ಕಾಳು 40 ಗ್ರಾಂ ತೂಗಿದರೆ 360 ಗ್ರಾಂ. ಎಕರೆಗೆ ಹದಿನಾಲ್ಕೂವರೆ ಕ್ವಿಂಟಲ್. ಅದೇ ತೆನೆ, ಅಷ್ಟೇ ಕಾಳು, ಆದರೆ ಬಿಸಿಲು ತಿಂದು ಸಾವಿರಕ್ಕೆ 34 ಗ್ರಾಂ ಆಯಿತೆನ್ನಿ. ಎಕರೆಗೆ ಹನ್ನೆರಡು ಕ್ವಿಂಟಲ್ 38 ಕಿಲೋ. ಹೋದದ್ದು ಸುಮಾರು ಎರಡು ಕ್ವಿಂಟಲ್ 20 ಕಿಲೋ. 2025–26ರ ಹಂಗಾಮಿನ ಬೆಂಬಲ ಬೆಲೆ 2,425ರಂತೆ ಹಿಡಿದರೂ 5,300 ರೂಪಾಯಿ. ನಮ್ಮ ಕಡೆ ಗೋಧಿಗೆ ಖರೀದಿ ಕೇಂದ್ರವನ್ನು ನಾನಂತೂ ಕಂಡವನಲ್ಲ, ಆ ಮಾತು ಬೇರೆ.

ನೂರಕ್ಕೆ ಹದಿನೈದು ತಾನೇ ಹೋದದ್ದು, ಅಂಥದ್ದೇನು ಎನ್ನುತ್ತೀರಾ? ಖರ್ಚು ನೋಡಿರಿ. ಉಳುಮೆ, ಬೀಜ, ಗೊಬ್ಬರ, ಆಳು, ನೀರು, ಕಟಾವು ಯಂತ್ರ, ಎಲ್ಲ ಸೇರಿ ಹನ್ನೊಂದು ಕ್ವಿಂಟಲಿನ ಬೆಲೆ ನುಂಗಿತು ಎಂದುಕೊಳ್ಳಿ. ಹದಿನಾಲ್ಕೂವರೆಯಲ್ಲಿ ಉಳಿದದ್ದು ಮೂರೂವರೆ ಕ್ವಿಂಟಲ್. ಸೊಸೈಟಿಯ ಸಾಲದ ಕಂತು, ಹುಡುಗರ ಫೀಸು, ದೀಪಾವಳಿಗೆ ತಂದ ಬಟ್ಟೆಯ ಉದ್ರಿ, ಎಲ್ಲಾ ಇದರಲ್ಲೇ. ಬಿಸಿಲು ಒಯ್ದ ಎರಡು ಕ್ವಿಂಟಲ್ 20 ಕಿಲೋ ಈ ಮೂರೂವರೆಯಿಂದಲೇ ಹೋಗುತ್ತದೆ. ಖರ್ಚಿನ ಹನ್ನೊಂದರಿಂದ ಒಂದು ಕಾಳೂ ಕಡಿಮೆಯಾಗುವುದಿಲ್ಲ. ಬೆಳೆ ಹೋದದ್ದು ನೂರಕ್ಕೆ ಹದಿನೈದು, ಮನೆಗೆ ಉಳಿಯುವುದರಲ್ಲಿ ಹೋದದ್ದು ನೂರಕ್ಕೆ ಅರವತ್ತಕ್ಕೂ ಮೇಲೆ. ಸಾಲ ಹುಟ್ಟುವುದು ಆ ಕೊನೆಯ ಎರಡು ಕ್ವಿಂಟಲಿನಲ್ಲಿ. ಬ್ಯಾಂಕಿನವರು ಹೊಲ ನೋಡಲು ಬಂದರೆ ಏನು ಕಾಣುತ್ತದೆ? ಬಂಗಾರದ ಬಣ್ಣದ ಬೆಳೆ. "ಬೆಳೆ ಚಲೋ ಐತಲ್ರಿ, ಕಂತು ಯಾಕ ಕಟ್ಟವಲ್ರಿ?"

ವಿಮೆ ಇದೆಯಲ್ಲ ಎನ್ನುವವರಿಗೆ ಒಂದು ಲೆಕ್ಕ. 2016ರಿಂದ ಬಂದ ಫಸಲ್ ಬಿಮಾದಲ್ಲಿ ಹಿಂಗಾರಿನ ಆಹಾರ ಬೆಳೆಗೆ ನಾವು ಕಟ್ಟುವುದು ನೂರಕ್ಕೆ ಒಂದೂವರೆ. ಕಡಿಮೆಯೇ. ಆದರೆ ಪರಿಹಾರ ಬರುವುದು ಯಾವಾಗ? ಹಿಂದಿನ ಏಳು ವರ್ಷದಲ್ಲಿ ಚೆನ್ನಾಗಿದ್ದ ಐದು ವರ್ಷದ ಸರಾಸರಿ ತೆಗೆದು, ಅದನ್ನು ನೂರಕ್ಕೆ 70, 80 ಅಥವಾ 90ಕ್ಕೆ ಇಳಿಸಿ ಒಂದು ಗೆರೆ ಎಳೆಯುತ್ತಾರೆ. ಇಡೀ ಘಟಕದ ಇಳುವರಿ ಆ ಗೆರೆಗಿಂತ ಕೆಳಗೆ ಬಂದರೆ ಮಾತ್ರ ದುಡ್ಡು. ಸರಾಸರಿ 12 ಕ್ವಿಂಟಲ್, ನೂರಕ್ಕೆ 80 ಹಿಡಿದರೆ ಗೆರೆ 9 ಕ್ವಿಂಟಲ್ 60 ಕಿಲೋ. ಬಿಸಿಲು ನೂರಕ್ಕೆ ಹದಿನೈದು ತಿಂದರೆ ಇಳುವರಿ 10 ಕ್ವಿಂಟಲ್ 20 ಕಿಲೋ. ಗೆರೆಯ ಮೇಲೇ ಇದೆ, ಪರಿಹಾರ ಸೊನ್ನೆ. ಮುಂದೆ ಬಿಸಿಲಿನ ವರ್ಷಗಳೇ ಸಾಲಾಗಿ ಬಂದರೆ ಸರಾಸರಿಯೇ ಇಳಿಯುತ್ತದೆ, ಗೆರೆಯೂ ಅದರ ಹಿಂದೆ ಕೆಳಗೆ ಹೋಗುತ್ತದೆ. ಬಿಸಿಲು ಕದಿಯುವುದು ಈ ಗೆರೆಯ ಮೇಲಿನ ಜಾಗದಲ್ಲಿ, ಕಾವಲಿಲ್ಲದ ಜಾಗದಲ್ಲಿ. ಪಂಜಾಬ ಸರ್ಕಾರವಂತೂ 2022ರಲ್ಲಿ ಈ ವಿಮೆಯೊಳಗೇ ಇರಲಿಲ್ಲ.

ವಿಪತ್ತು ಪರಿಹಾರವೋ? ಅದಕ್ಕೆ ನೂರಕ್ಕೆ 33 ಹಾನಿ ಆಗಿರಬೇಕು. ಅದಕ್ಕೂ ಮುಂಚೆ ಪಟ್ಟಿಯಲ್ಲಿ ಹೆಸರಿರಬೇಕು. 2022ರ ಆ ಮಾರ್ಚ್‌ನಲ್ಲಿ ಕೇಂದ್ರದ ಪಟ್ಟಿಯಲ್ಲಿ ಬರ ಇತ್ತು, ನೆರೆ ಇತ್ತು, ಆಲಿಕಲ್ಲು ಇತ್ತು, ಕೀಟ ಇತ್ತು, ಶೀತಗಾಳಿಯೂ ಇತ್ತು. ಬಿಸಿಗಾಳಿ ಇರಲಿಲ್ಲ. ಚಳಿಗೆ ಸುಟ್ಟರೆ ವಿಪತ್ತು, ಬಿಸಿಲಿಗೆ ಸುಟ್ಟರೆ ಹಣೆಬರಹ!

ಆದ್ದರಿಂದ ನಾವು ಕೇಳಬೇಕಾದದ್ದು ಇದು. ಗೋಧಿ ಹೂ ಬಿಟ್ಟ ಮೇಲಿನ ಒಂದು ತಿಂಗಳಲ್ಲಿ ಎಷ್ಟು ದಿನ ಉಷ್ಣತೆ 34 ಡಿಗ್ರಿ ದಾಟಿತು ಎಂಬುದನ್ನು ಹೋಬಳಿಯ ಮಾಪನದಿಂದ ಓದಿ, ಆ ದಿನಗಳ ಲೆಕ್ಕದ ಮೇಲೆ ಪರಿಹಾರ ಕೊಡಿ. ಹವಾಮಾನದ ಮೇಲಿನ ವಿಮೆ ತೋಟದ ಬೆಳೆಗಳಿಗೆ ಇದೆ, ಗೋಧಿಗೆ ಮಾಡಲು ಏನು ಅಡ್ಡಿ? ಎರಡನೆಯದು, ಬಿಸಿಲಿನ ವರ್ಷ ರಫ್ತು ತಡೆದು ದರ ಇಳಿಸಿದರೆ, ಇಳಿದಷ್ಟನ್ನು ಬೋನಸ್ಸಾಗಿ ಕೊಡಿ. ಆ ವರ್ಷದ ಕಂತನ್ನು ಬಡ್ಡಿ ಸೇರಿಸದೆ ಮುಂದಕ್ಕೆ ಹಾಕಿ.

ಸರ್ಕಾರ ಕೊಡುವವರೆಗೆ ನಮ್ಮ ಕೈಯಲ್ಲಿರುವುದೂ ಸ್ವಲ್ಪ ಇದೆ. ಎಲ್ಲಕ್ಕಿಂತ ದೊಡ್ಡದು ಬಿತ್ತನೆಯ ದಿನ. ಒಣ ಹೊಲಕ್ಕೆ ಅಕ್ಟೋಬರ್, ನೀರಾವರಿಗೆ ನವೆಂಬರ್ ಮೊದಲ ಹದಿನೈದು ದಿನ. ಡಿಸೆಂಬರಿಗೆ ಹೋದಿರೋ, ನನ್ನ ಎರಡನೇ ಪುಡಿಕೆ ನೆನೆಸಿಕೊಳ್ಳಿರಿ. ತಡವಾಗುವುದು ಖಚಿತವಾದರೆ ಗೋಧಿಯ ಬದಲು ಕಡಲೆ ನೋಡುವುದು ಲೇಸು ಎಂದು ನನ್ನ ಅಭಿಪ್ರಾಯ. ಹಾಗೆಂದು ತೀರಾ ಮುಂಚೆ, ನೆಲ ಬೆಚ್ಚಗಿರುವಾಗಲೇ ಬಿತ್ತಿದರೆ ಮರಿ ಕಡಿಮೆ ಒಡೆಯುತ್ತದೆ. ಹೂವಿನ ಹೊತ್ತಿಗೆ ಮತ್ತು ಹಾಲುಗಾಳಿನ ಹೊತ್ತಿಗೆ ನೀರು ತಪ್ಪಿಸಬೇಡಿ. ಗಾಳಿ ಇಲ್ಲದ ಸಂಜೆ ನೋಡಿ ತೆಳ್ಳಗೆ ಬಿಡಿ, ಗಾಳಿಯಲ್ಲಿ ಬಿಟ್ಟರೆ ಬೆಳೆ ಮಲಗುತ್ತದೆ. ಕರ್ನಾಲದ ಗೋಧಿ ಸಂಸ್ಥೆಯವರು ಎಕರೆಗೆ 200 ಲೀಟರ್ ನೀರಿಗೆ 400 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಶ್ ಕರಗಿಸಿ ಸಿಂಪಡಿಸಲು ಹೇಳುತ್ತಾರೆ. ಲೂಧಿಯಾನದವರು ಅಷ್ಟೇ ನೀರಿಗೆ 4 ಕಿಲೋ ಪೊಟ್ಯಾಸಿಯಂ ನೈಟ್ರೇಟ್ ಎನ್ನುತ್ತಾರೆ, ತೆನೆ ಹೊಟ್ಟೆಯಲ್ಲಿದ್ದಾಗ ಒಮ್ಮೆ, ಹೂವಿನಲ್ಲೊಮ್ಮೆ. ಅಂಗಡಿಯವ ಇದನ್ನು ಬೇರೆ ಬಾಟಲಿಯಲ್ಲಿ ಹತ್ತು ಪಟ್ಟು ದರಕ್ಕೆ ಕೊಡಲು ಬಂದರೆ ಕೊಳ್ಳಬೇಡಿ. ಸಿಂಪಡಣೆ ಎಂದರೆ ತಲೆಗೆ ಹಾಕುವ ಟವೆಲು, ಮಾಳಿಗೆ ಮನೆಯ ನೆರಳಲ್ಲ.

ಕೊನೆಗೆ ಒಂದು ಕೆಲಸ ಹೇಳಿ ಕೂಡುತ್ತೇನೆ. ಈ ಸುಗ್ಗಿಯಲ್ಲಿ ರಾಶಿ ಮಾಡುವಾಗ ಆರಿಸದೆ ಒಂದು ಬೊಗಸೆ ಕಾಳು ತೆಗೆಯಿರಿ. ಒಳ್ಳೆಯದನ್ನೇ ಹೆಕ್ಕಬೇಡಿ, ಕೆಟ್ಟದ್ದನ್ನೂ ಹೆಕ್ಕಬೇಡಿ. ನೂರು ನೂರರಂತೆ ಹತ್ತು ಗುಂಪು ಮಾಡಿ ಸಾವಿರ ಎಣಿಸಿ. ಮನೆಯ ಹುಡುಗರಿಗೆ ಕೊಟ್ಟರೆ ಅರ್ಧ ತಾಸಿನ ಕೆಲಸ. ಪತ್ತಾರರ ಕಾಟಾದಲ್ಲಿ ತೂಗಿಸಿ, ಚೀಟಿಯ ಮೇಲೆ ತಳಿಯ ಹೆಸರು, ಬಿತ್ತಿದ ದಿನ, ಹೂ ಬಿಟ್ಟ ದಿನ, ಕೊಯ್ದ ದಿನ, ತೂಕ ಬರೆದು ಪುಡಿಕೆಗೆ ಕಟ್ಟಿರಿ. ಹೆಸರು ಬರೆಯಲು ಸಂಕೋಚವಿದ್ದರೆ ಸರ್ವೆ ನಂಬರು ಸಾಕು. ಪೇಟೆಯಲ್ಲಿ ದರ ಕಡಿದಿದ್ದರೆ ಪಟ್ಟಿಯನ್ನೂ ಅದಕ್ಕೇ ಲಗತ್ತಿಸಿ. ಯುಗಾದಿ ಕಳೆದ ಮೇಲಿನ ಸಭೆಗೆ ಎಲ್ಲರೂ ತರಬೇಕು. ನನ್ನ ಎರಡೇ ಪುಡಿಕೆಯನ್ನು ತಹಶೀಲ್ದಾರರ ಮೇಜಿನ ಮೇಲೆ ಇಟ್ಟರೆ ಅವರೂ ಪತ್ತಾರರಂತೆ ನಗುತ್ತಾರೆ. ಇನ್ನೂರು ಪುಡಿಕೆ ತಂದರೆ ಇಡಲು ಮೇಜಿನ ಮೇಲಿನ ಕಡತಗಳನ್ನು ಅವರೇ ಸರಿಸಬೇಕಾಗುತ್ತದೆ.